ಜಟಾಯುವೂ ಅಳಿಲೂ

ಚನ್ನಪಟ್ಟಣದ ಸಮೀಪದ ಗ್ರಾಮವೊಂದರಿಂದ ನಮ್ಮ ಪತ್ರಿಕೆಯ ಬಹುಕಾಲದ ವಾಚಕಿಯೊಬ್ಬರು ಬರೆದ ಕಾಗದವು ಹೋದ ತಿಂಗಳು ನಮ್ಮ ಕೈಸೇರಿತು. ಆಕೆಯ ಮನೆಯ ಹಿತ್ತಿಲಲ್ಲಿ ಎಂಟು ತೆಂಗಿನ ಮರಗಳೂ ಎರಡು ಮಾವಿನ ಮರಗಳೂ ಇವೆಯಂತೆ. ಅವುಗಳ ಫಲದಲ್ಲಿ ಅರ್ಧ ಮನೆಯವರಿಗೆ, ಉಳಿದರ್ಧ ಅಳಿಲುಗಳಿಗೆ ಎಂಬುದು ರೂಢಿಯಾಗಿಹೋಗಿದೆಯಂತೆ. ಅದು ಹಾಗಿರಲಿ. ಆಕೆಯ ಒಂಬತ್ತು ವರ್ಷದ ಮಗಳು ಶಾಲೆಯ ಮಕ್ಕಳೊಡನೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ ಬಂದಂದಿನಿಂದ ತಾಯಿಯನ್ನು ಒಂದೇ ಪ್ರಶ್ನೆಯಿಂದ ಕಾಡುತ್ತಿರುವಳಂತೆ. "ಅಮ್ಮಾ, ಸೇತುವೆ ಕಟ್ಟುವಾಗ ಮರಳು ಹೊತ್ತದ್ದು ಅಳಿಲು. ರಾಮದೇವರು ಬೆನ್ನು ಸವರಿದ್ದೂ ಅಳಿಲಿಗೇ. ಹಾಗಿರುವಾಗ ರಾಮದೇವರ ಬೆಟ್ಟವನ್ನು ಸರ್ಕಾರದವರು ಹೆಣ ತಿನ್ನುವ ರಣಹದ್ದಿಗೆ ಏಕೆ ಬಿಟ್ಟುಕೊಟ್ಟರು? ಅಳಿಲಿಗೆ ಏಕೆ ಕೊಡಲಿಲ್ಲ?" ತಾಯಿಗೆ ಉತ್ತರ ತೋಚದೆ ಪ್ರಶ್ನೆಯನ್ನು ನಮ್ಮ ಕಡೆಗೆ ದಾಟಿಸಿರುತ್ತಾರೆ.

ಕೂತಲ್ಲಿಯೇ ಉತ್ತರ ಬರೆದುಬಿಡುವುದು ಸುಲಭವಾಗಿತ್ತು. ಆದರೆ ಮಗುವು ಕಣ್ಣಾರೆ ಕಂಡು ಕೇಳಿದ ಪ್ರಶ್ನೆಗೆ ನಾವೂ ಕಣ್ಣಾರೆ ಕಂಡು ಉತ್ತರ ಹೇಳುವುದು ಧರ್ಮವೆನ್ನಿಸಿತು. ಆದುದರಿಂದ ಮಾಘ ಮಾಸದ ಒಂದು ಭಾನುವಾರ ಬೆಳಗಿನ ರೈಲಿನಲ್ಲಿ ರಾಮನಗರಕ್ಕೆ ಹೊರಟೆವು.

ರಾಮದೇವರ ಬೆಟ್ಟವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ೧೯೭೫ ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ದೆಸೆಯಿಂದ ಈ ಬಂಡೆಗಳನ್ನು ದೇಶವೆಲ್ಲ ಬಲ್ಲುದು. ಭೂಗರ್ಭ ಶಾಸ್ತ್ರಜ್ಞರಿಗೆ ಇವು ಅದಕ್ಕಿಂತ ಮೊದಲೇ ಪರಿಚಿತ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತಾದುದರಿಂದ ಈ ಸೀಮೆಯ ಕಲ್ಲನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಇಷ್ಟು ಹಳೆಯ ಕಲ್ಲಿನ ಮೇಲೆ ಶ್ರೀರಾಮನ ಗುಡಿ. ಗುಡಿಗೆ ಹತ್ತಲು ಮೆಟ್ಟಿಲು. ಆ ಮೆಟ್ಟಿಲ ಬದಿಯಲ್ಲಿಯೇ ನಮಗೆ ಮೊದಲು ಎದುರಾದದ್ದು ಅಳಿಲು. ಯಾತ್ರಿಕರು ಒಡೆದ ತೆಂಗಿನಕಾಯಿಯ ಚೂರೊಂದನ್ನು ಎರಡು ಮುಂಗೈಗಳಲ್ಲಿ ಹಿಡಿದು, ಬಾಲವನ್ನು ಬೆನ್ನಿಗೆ ಮಡಿಸಿಕೊಂಡು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೆಲ್ಲುತ್ತಿತ್ತು.

ಬಿಸಿಲೇರಿ ಬಂಡೆಗಳು ಕಾಯುವವರೆಗೂ ರಣಹದ್ದಿನ ಸುಳಿವಿರಲಿಲ್ಲ. ಎದುರಿನ ಕಡಿದಾದ ಬಂಡೆಯ ಮುಖದಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಯ ಗೆರೆಗಳು ಇಳಿದಿದ್ದುವು. ಅದು ಹಕ್ಕಿಯ ಹಿಕ್ಕೆಯ ಗುರುತು. ಅದರ ಮೇಲ್ಗಡೆ ಗೂಡು ಇರಬೇಕೆಂದು ಬಲ್ಲವರು ತೋರಿಸಿದರು. ದುರ್ಬೀನಿನಲ್ಲಿ ನೋಡಿದಾಗ ಕಲ್ಲಿನ ಚಾಚಿನ ಮೇಲೆ ಕಂದು ಬಣ್ಣದ ಮುದ್ದೆಯೊಂದು ಕುಳಿತಿತ್ತು. ಹತ್ತು ಗಂಟೆಯಾಗುತ್ತಿದ್ದಂತೆ ಅದು ಎದ್ದು, ರೆಕ್ಕೆ ಬಿಚ್ಚಿ, ಬಂಡೆಯಂಚಿನಿಂದ ಕೆಳಗೆ ಬಿದ್ದಂತೆ ಮಾಡಿ, ಮರುಗಳಿಗೆಯಲ್ಲಿ ಕಾದ ಗಾಳಿಯ ಮೇಲೆ ತೇಲತೊಡಗಿತು. ಒಂದು ಸಲವೂ ರೆಕ್ಕೆ ಬಡಿಯದೆ ಸುತ್ತು ಸುತ್ತಾಗಿ ಮೇಲೇರಿ ಐದು ನಿಮಿಷದಲ್ಲಿ ಚುಕ್ಕೆಯಾಯಿತು. ಅಂದು ನಾವು ಕಂಡದ್ದು ಒಟ್ಟು ಮೂರು. ಅಳಿಲುಗಳನ್ನು ಎಣಿಸುವ ಗೋಜಿಗೆ ನಾವು ಹೋಗಲಿಲ್ಲ.

ಪುರಾಣದಿಂದಲೇ ಆರಂಭಿಸೋಣ, ಮಗುವಿನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ ಅಲ್ಲವೆ? ರಾಮನಿಗೆ ಸೇವೆ ಸಲ್ಲಿಸಿದವರಲ್ಲಿ ಅಳಿಲೂ ಒಂದು, ರಣಹದ್ದೂ ಒಂದು. ಸೇತುವೆಯ ಅಳಿಲಿನ ಕಥೆಯು ವಾಲ್ಮೀಕಿಗಳ ಕಾವ್ಯದಲ್ಲಿಲ್ಲ. ಅದು ಜನರ ಬಾಯಲ್ಲಿ ಬೆಳೆದುಬಂದದ್ದು. ಆದರೂ ನಮ್ಮ ಮಾತಿನಲ್ಲಿ ಅದು ಎಷ್ಟು ಬೇರೂರಿದೆಯೆಂದರೆ, ಬಡವನೊಬ್ಬ ಧರ್ಮಕಾರ್ಯಕ್ಕೆ ಒಂದು ರೂಪಾಯಿ ಕೊಟ್ಟರೂ 'ನನ್ನದೊಂದು ಅಳಿಲ ಸೇವೆ' ಎನ್ನುತ್ತಾನೆ. ಜಟಾಯುವಿನ ಕಥೆಯಾದರೋ ಮೂಲಕಾವ್ಯದಲ್ಲಿಯೇ ವಿಸ್ತಾರವಾಗಿ ಬಂದಿದೆ. ಅವನು ಗೃಧ್ರರಾಜ, ದಶರಥನ ಮಿತ್ರ, ಮುಪ್ಪಿನಲ್ಲಿಯೂ ರಾವಣನ ರಥಕ್ಕೆ ಅಡ್ಡಬಂದು ರೆಕ್ಕೆ ಕಡಿಸಿಕೊಂಡವನು. ಅವನಿಗೆ ರಾಮನು ತಂದೆಗೆ ಮಾಡುವಂತೆ ಉತ್ತರಕ್ರಿಯೆ ಮಾಡಿದನು. ಅವನ ಅಣ್ಣನಾದ ಸಂಪಾತಿಯು ನೂರು ಯೋಜನದಾಚೆಯ ಲಂಕೆಯಲ್ಲಿ ಸೀತೆಯಿರುವುದನ್ನು ಕಡಲ ದಡದಿಂದಲೇ ಕಂಡು ಕಪಿಗಳಿಗೆ ದಾರಿ ತೋರಿಸಿದನು. ಒಂದು ಹಿಡಿ ಮರಳಿನ ಸೇವೆಯು ನಮಗೆ ನಾಣ್ನುಡಿಯಾಯಿತು. ಪ್ರಾಣವನ್ನೇ ತೆತ್ತ ಸೇವೆಗೆ ಅಂಥ ನಾಣ್ನುಡಿಯೊಂದು ನಮ್ಮಲ್ಲಿ ಹುಟ್ಟಲಿಲ್ಲ.

ಇದಕ್ಕೆ ಕಾರಣವು ರೂಪವೆಂದು ತೋರುತ್ತದೆ. ಅಳಿಲು ಮುದ್ದು; ರಣಹದ್ದು ವಿಕಾರ. ಆದರೆ ಎರಡರ ಮೈಕಟ್ಟನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ ಎರಡೂ ತಮ್ಮ ತಮ್ಮ ಕಸುಬಿಗೆ ತಕ್ಕ ಹಾಗಿರುವುದು ಕಾಣುತ್ತದೆ.

ನಮ್ಮ ಹಿತ್ತಿಲಿನ ಅಳಿಲು ಸುಮಾರು ೧೦೦ ಗ್ರಾಂ ತೂಗುತ್ತದೆ. ಬೆನ್ನಿನ ಮೇಲೆ ಮೂರು ಬಿಳಿಯ ಗೆರೆ. ಉತ್ತರ ಹಿಂದುಸ್ಥಾನದ ಊರುಗಳಲ್ಲಿ ಕಾಣುವ ಇದರ ದಾಯಾದಿಗೆ ಗೆರೆಗಳು ಐದು. ಅಲ್ಲಿಯವರು ರಾಮದೇವರ ಬೆರಳುಗಳ ಲೆಕ್ಕವನ್ನು ಹೇಗೆ ಹೊಂದಿಸಿಕೊಳ್ಳುತ್ತಾರೋ ತಿಳಿಯದು! ಕೊಕ್ಕೆಯಂತಹ ಉಗುರುಗಳಿರುವುದರಿಂದ ಅದು ಮರದಲ್ಲಿ ತಲೆಕೆಳಗಾಗಿಯೂ ಇಳಿಯಬಲ್ಲುದು. ಬಾಚಿಹಲ್ಲುಗಳು ಆಜೀವವೂ ಬೆಳೆಯುತ್ತಲೇ ಇರುವುದರಿಂದ ಕಡಿಯುತ್ತಲೇ ಇರುವುದು ಅದಕ್ಕೆ ಅಗತ್ಯ. ಎಳೆಯ ತೆಂಗಿನಕಾಯಿಯ ಮೇಲೆ ಅದಕ್ಕಿರುವುದು ಹಗೆಯಲ್ಲ.

ರಾಮದೇವರ ಬೆಟ್ಟದ ಹಕ್ಕಿಯನ್ನು ಉದ್ದ ಕೊಕ್ಕಿನ ರಣಹದ್ದು ಎನ್ನುತ್ತಾರೆ. (ಅಲ್ಲಿ ಬಿಳಿಯ ಸಣ್ಣ ರಣಹದ್ದೂ ಉಂಟು, ಅದು ಬೇರೆ ಜಾತಿ.) ಇದರ ತೂಕ ೫.೫ ರಿಂದ ೬ ಕಿಲೋಗ್ರಾಂ, ಅಂದರೆ ಐವತ್ತೈದು ಅರುವತ್ತು ಅಳಿಲುಗಳ ತೂಕ. ಬಿಚ್ಚಿದ ರೆಕ್ಕೆಯ ಅಗಲ ೨ ಮೀಟರಿಗೂ ಮಿಗಿಲು. ತಲೆ ಕತ್ತುಗಳು ಬೋಳಾಗಿರುವುದನ್ನು ಕಂಡು ನಾವು ಮುಖ ಸಿಂಡರಿಸುತ್ತೇವೆ. ಆದರೆ ಹೆಣದೊಳಕ್ಕೆ ತಲೆಯಿಡುವ ಪ್ರಾಣಿಗೆ ಅಲ್ಲಿ ದಟ್ಟವಾದ ಗರಿಗಳಿದ್ದರೆ ಕೊಳೆ ಅಂಟಿ ರೋಗವಾಗುತ್ತಿತ್ತು. ಅದರ ಜಠರದ ಆಮ್ಲವು ಅತಿ ತೀಕ್ಷ್ಣವಾದುದು. ಕೊಳೆತ ಮಾಂಸದಲ್ಲಿರುವ ಅನೇಕ ರೋಗಬೀಜಗಳು ಅದರಲ್ಲಿ ನಾಶವಾಗುತ್ತವೆ. ಮೂಗಿನಿಂದಲ್ಲ, ಕಣ್ಣಿನಿಂದಲೇ ಅದು ಆಹಾರ ಹುಡುಕುವುದು. ಸಂಪಾತಿಯ ಕಥೆ ಕಟ್ಟಿದವರು ಹಕ್ಕಿಯನ್ನು ಚೆನ್ನಾಗಿ ನೋಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆಕಾಶದಲ್ಲಿ ಒಂದಕ್ಕೊಂದು ದೂರ ದೂರವಾಗಿ ತೇಲುತ್ತ, ನೆಲವನ್ನೂ ನೋಡುತ್ತ, ನೆರೆಯ ಹದ್ದನ್ನೂ ನೋಡುತ್ತ ಇರುತ್ತವೆ. ಒಂದು ಇಳಿದರೆ ಅದನ್ನು ಕಂಡು ಮತ್ತೊಂದು, ಅದನ್ನು ಕಂಡು ಇನ್ನೊಂದು, ಹೀಗೆ ಅರ್ಧ ಸೀಮೆಯ ಹದ್ದುಗಳು ಒಂದೇ ಹೆಣದ ಸುತ್ತ ಸೇರುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಇನ್ನು ಎರಡರ ಸಂಸಾರವನ್ನು ಹೋಲಿಸೋಣ. ಅಳಿಲು ಮೂವತ್ತನಾಲ್ಕು ದಿನ ಗರ್ಭ ಧರಿಸಿ ಎರಡು ಮೂರು ಮರಿ ಹಾಕುತ್ತದೆ. ವರ್ಷದಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಲ. ಮರಿಯು ವರ್ಷ ತುಂಬುವ ಹೊತ್ತಿಗೆ ತಾನೂ ಸಂಸಾರ ಹೂಡುತ್ತದೆ. ತೆಂಗಿನ ನಾರು, ಹತ್ತಿ, ಒಣಗಲು ಹಾಕಿದ ಹಳೆಯ ಸೀರೆಯ ಅಂಚು, ಯಾವುದಾದರೂ ಗೂಡಿಗೆ ಆಗುತ್ತದೆ. ಮರದ ಪೊಟರೆಯಾಗಲಿ, ಹೆಂಚಿನ ಸಂದಾಗಲಿ, ನಿಂತುಹೋದ ನೀರಿನ ಪಂಪಿನ ಪೆಟ್ಟಿಗೆಯಾಗಲಿ ಅದಕ್ಕೆ ಮನೆಯೇ. ಹಣ್ಣು, ಕಾಳು, ಚಿಗುರು, ಹೂವಿನ ಮಧು, ಹುಳು, ಕೆಲವೊಮ್ಮೆ ಗುಬ್ಬಿಯ ಮೊಟ್ಟೆ, ಕಡೆಗೆ ನಾವು ಎಸೆದ ಚಿತ್ರಾನ್ನ, ಎಲ್ಲವೂ ಆಹಾರವೇ.

ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಾರ್ತಿಕ ಮಾರ್ಗಶಿರಗಳ ಸುಮಾರಿಗೆ ಇಟ್ಟ ಮೊಟ್ಟೆಗೆ ತಂದೆಯೂ ತಾಯಿಯೂ ಸರದಿಯ ಮೇಲೆ ಸುಮಾರು ಐವತ್ತು ದಿನ ಕಾವು ಕೊಡುತ್ತವೆ. ಅನಂತರ ಮರಿಯು ಹಾರುವಂತಾಗುವುದಕ್ಕೆ ಮೂರು ನಾಲ್ಕು ತಿಂಗಳು. ಆ ಮರಿಯು ತಾನೂ ಮೊಟ್ಟೆಯಿಡುವಷ್ಟು ದೊಡ್ಡದಾಗುವುದಕ್ಕೆ ಸುಮಾರು ಐದು ವರ್ಷ. ಇದರ ಗೂಡಿಗೆ ಎತ್ತರದ ಕಡಿದಾದ ಬಂಡೆಯೇ ಬೇಕು. ಆಹಾರಕ್ಕೆ ಹೆಣವೇ ಬೇಕು. ಇಷ್ಟು ನಿಧಾನವಾದ ಸಂಸಾರವು ನಡೆಯುವುದು ಒಂದೇ ಒಂದು ಆಧಾರದ ಮೇಲೆ: ದೊಡ್ಡ ಹಕ್ಕಿಗಳು ಬಹು ವರ್ಷ ಬದುಕಬೇಕು. ಅಳಿಲಿನ ಮನೆತನವು ದಿನಗೂಲಿಯವನ ಲೆಕ್ಕದಂತೆ; ಇಂದು ಹೋದದ್ದು ನಾಳೆ ಬಂದೀತು. ರಣಹದ್ದಿನ ಮನೆತನವಾದರೋ ಮೂಲಧನದ ಮೇಲೆ ನಿಂತಿರುವ ಮನೆ. ಬಡ್ಡಿ ಅಲ್ಪ, ಮೂಲಧನವನ್ನು ಮುಟ್ಟಿದರೆ ಮುಗಿಯಿತು.

ಅಳಿಲಿನ ಗಟ್ಟಿತನಕ್ಕೆ ದೂರದೇಶದ ಒಂದು ನಿದರ್ಶನವನ್ನು ಹೇಳಬಹುದು. ಐದು ಗೆರೆಯ ಅಳಿಲುಗಳನ್ನು ೧೮೯೮ ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೃಗಾಲಯಕ್ಕೆ ಒಯ್ದಿದ್ದರು. ಅವು ಅಲ್ಲಿಂದ ಹೊರಬಿದ್ದು, ಸುತ್ತಣ ತೋಟಗಳಲ್ಲಿ ಬೇರೂರಿ, ಆ ಊರಿನವರಿಗೆ ತಲೆನೋವಾದುವು. ಹಡಗಿನಲ್ಲಿ ಹೋಗಿ ಪರದೇಶದಲ್ಲಿ ಮನೆ ಹೂಡಬಲ್ಲ ಪ್ರಾಣಿಗೆ ಸರ್ಕಾರವು ಬೆಟ್ಟ ಕೊಡಬೇಕಾದುದೇನಿದೆ? ಚನ್ನಪಟ್ಟಣದ ತೆಂಗು, ಮಾಗಡಿಯ ಮಾವು, ರಾಮನಗರದ ರೈಲು ನಿಲ್ದಾಣದ ಚಾವಣಿ, ಎಲ್ಲವನ್ನೂ ಅದು ಕೇಳದೆಯೇ ಪಡೆದಿದೆ.

ರಣಹದ್ದಿಗೆ ಏನಾಯಿತೆಂಬುದನ್ನು ಈಗ ಹೇಳಬೇಕು. ನಮ್ಮ ತಲೆಮಾರಿನವರು ಚಿಕ್ಕವರಾಗಿದ್ದಾಗ ದೇಶದಲ್ಲಿ ರಣಹದ್ದುಗಳು ಕಾಗೆಗಳಂತೆ ಸಾಮಾನ್ಯವಾಗಿದ್ದುವು. ೧೯೯೦ ರ ದಶಕದಲ್ಲಿ ಭರತಪುರದ ಪಕ್ಷಿಧಾಮದಲ್ಲಿ ಅವು ಕತ್ತು ಜೋತುಬಿಟ್ಟು ಕುಳಿತು ಸಾಯುತ್ತಿರುವುದನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ವಿಭು ಪ್ರಕಾಶರು ಕಂಡು ಎಚ್ಚರಿಸಿದರು. ೧೯೯೨ ರಿಂದ ೨೦೦೭ ರವರೆಗಿನ ಹದಿನೈದು ವರ್ಷಗಳಲ್ಲಿ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಶೇಕಡಾ ೯೯.೯ ರಷ್ಟೂ, ಉದ್ದ ಕೊಕ್ಕಿನ ಜಾತಿಯಲ್ಲಿ ಶೇಕಡಾ ೯೭ ರಷ್ಟೂ ಅಳಿದುಹೋದುವೆಂದು ಲೆಕ್ಕ ಹಾಕಿದ್ದಾರೆ. ಬಂದೂಕಿನಿಂದಲ್ಲ, ಬರಗಾಲದಿಂದಲ್ಲ. ಕಾರಣವನ್ನು ಕಂಡುಹಿಡಿದವರು ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ ತಮ್ಮ ತಂಡದೊಡನೆ ೨೦೦೪ ರಲ್ಲಿ ಅದನ್ನು ಪ್ರಕಟಿಸಿದರು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಆ ಕಾರಣ. ಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಡುತ್ತವೆ. ಮೈಯಿಂದ ಹೊರಹೋಗಬೇಕಾದ ಯೂರಿಕ್ ಆಮ್ಲವು ಹೃದಯ ಯಕೃತ್ತುಗಳ ಮೇಲೆ ಸೀಮೆಸುಣ್ಣದ ಪುಡಿಯಂತೆ ಕಟ್ಟುತ್ತದೆ. ಕೆಲವು ದಿನಗಳಲ್ಲಿ ಹಕ್ಕಿ ಸಾಯುತ್ತದೆ.

ಒಂದು ಇಳಿದರೆ ಎಲ್ಲವೂ ಇಳಿಯುತ್ತವೆಂದು ಮೊದಲು ಹೇಳಿದ್ದೆವಷ್ಟೆ. ಅದರಿಂದಾಗಿ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದಿದ್ದರೂ ಕುಲನಾಶಕ್ಕೆ ಸಾಕೆಂದು ಗಣಿತಜ್ಞರು ತೋರಿಸಿಕೊಟ್ಟಿದ್ದಾರೆ. ಜಟಾಯುವಿನ ಒಗ್ಗಟ್ಟೇ ಅದಕ್ಕೆ ಮೃತ್ಯುವಾಯಿತು.

ಈ ಸಂದರ್ಭದಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಮರೆಮಾಚದೆ ಹೇಳಬೇಕಾಗಿದೆ. ಮಾಗಡಿಯ ಕಡೆಯ ನಮ್ಮ ಹುಟ್ಟೂರಿನ ಮನೆಯಲ್ಲಿ ಗಂಗೆ ಎಂಬ ಮುದಿ ಹಸುವೊಂದಿತ್ತು. ೧೯೯೮ ರ ಬೇಸಗೆಯಲ್ಲಿ ಅದರ ಹಿಂಗಾಲಿನ ಕೀಲು ಊದಿ, ಏಳಲಾರದೆ ಮಲಗಿತು. ರಾತ್ರಿಯೆಲ್ಲ ಅದು ನರಳುವುದನ್ನು ಕೇಳಲಾರದೆ ನಮ್ಮ ತಾಯಿಯವರು ಊಟ ಬಿಟ್ಟರು. ಸೂಜಿ ಹಾಕುವವರೊಬ್ಬರು ಬಂದು ಚೀಟಿ ಬರೆದುಕೊಟ್ಟರು. ಅಂಗಡಿಗೆ ಹೋಗಿ ಸೀಸೆ ತಂದವರು ನಾವೇ. ಅದರ ಮೇಲಿದ್ದ ಹೆಸರು ಇಂದಿಗೂ ನೆನಪಿದೆ. ಮೂರು ದಿನ ಸೂಜಿಯಾಯಿತು. ಗಂಗೆಯ ನರಳಾಟ ನಿಂತಿತು. ನಾಲ್ಕನೆಯ ಬೆಳಗ್ಗೆ ಉಸಿರೂ ನಿಂತಿತು. ಆಗಿನ ಪದ್ಧತಿಯಂತೆ ಊರಾಚೆಯ ಹಳ್ಳದ ಬಳಿ ಇಟ್ಟು ಬಂದೆವು. ಮಧ್ಯಾಹ್ನದ ಹೊತ್ತಿಗೆ ಸಾವನದುರ್ಗದ ದಿಕ್ಕಿನಿಂದ ಹದ್ದುಗಳು ಬಂದಿಳಿದುವು. ನಾವು ಎಣಿಸಿದಂತೆ ಹನ್ನೊಂದು. ಸಂಜೆಗೆ ಎಲುಬು ಮಾತ್ರ ಉಳಿದಿತ್ತು. "ಗಂಗೆಯನ್ನು ಜಟಾಯುಗಳೇ ಕರೆದುಕೊಂಡು ಹೋದುವಪ್ಪ, ಪುಣ್ಯವಂತೆ" ಎಂದು ನಮ್ಮ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುವರ್ಷ ನೆರೆಯವರ ಎತ್ತೊಂದು ಸತ್ತಾಗ ಬಂದ ಹದ್ದುಗಳು ಎರಡು. ಅದರ ಮುಂದಿನ ವರ್ಷ ಬಂದದ್ದು ನಾಯಿಗಳು. ಗಂಗೆಯ ದೇಹದಿಂದಲೇ ಆ ಹನ್ನೊಂದಕ್ಕೆ ಕೇಡಾಯಿತೆಂದು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷ್ಯವಿಲ್ಲ. ಆಗಲಿಲ್ಲವೆಂದು ಹೇಳುವುದಕ್ಕೂ ಇಲ್ಲ. ನಾವು ಮಾಡಿದ್ದು ಕ್ರೌರ್ಯವಲ್ಲ, ಕರುಣೆ. ಆ ದಿನಗಳಲ್ಲಿ ಅದನ್ನು ತಪ್ಪೆಂದು ಬಲ್ಲವರೂ ಇರಲಿಲ್ಲ. ಆದರೂ ರಾಮದೇವರ ಬೆಟ್ಟದಲ್ಲಿ ದುರ್ಬೀನು ಹಿಡಿದು ಮೂರೇ ಹಕ್ಕಿಗಳನ್ನು ಎಣಿಸಿದಾಗ ನಮ್ಮ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುತ್ತೇವೆ.

ಹದ್ದು ಹೋದರೆ ಮನುಷ್ಯನಿಗೇನು ನಷ್ಟ ಎಂದು ಕೇಳುವವರುಂಟು. ಹದ್ದುಗಳ ದೊಡ್ಡ ಗುಂಪು ಒಂದೆರಡು ಗಂಟೆಗಳಲ್ಲಿ ಮುಗಿಸುತ್ತಿದ್ದ ಹೆಣವು ಈಗ ದಿನಗಟ್ಟಲೆ ಕೊಳೆಯುತ್ತದೆ, ನೀರಿಗೆ ಸೇರುತ್ತದೆ, ಅದನ್ನು ತಿಂದು ಬೀದಿನಾಯಿಗಳು ಹೆಚ್ಚುತ್ತವೆ, ನಾಯಿಗಳೊಡನೆ ಹುಚ್ಚುನಾಯಿ ರೋಗದ ಭಯವೂ ಹೆಚ್ಚುತ್ತದೆ. ಐಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರಿಬ್ಬರು ಹದ್ದುಗಳು ಮೊದಲು ಹೆಚ್ಚಾಗಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ ೨೦೨೪ ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ೨೦೦೦ ದಿಂದ ೨೦೦೫ ರವರೆಗೆ ಭಾರತದಲ್ಲಿ ಸುಮಾರು ೫ ಲಕ್ಷ ಜನರ ಹೆಚ್ಚುವರಿ ಮರಣಕ್ಕೆ ಹದ್ದುಗಳ ಅಳಿವು ಕಾರಣ. ಮುಂಬಯಿಯ ಪಾರಸಿ ಬಂಧುಗಳಿಗೆ ತಮ್ಮ ಅಂತ್ಯಸಂಸ್ಕಾರದ ಪ್ರಾಚೀನ ಪದ್ಧತಿಯೇ ಕಷ್ಟವಾಗಿ ಪರಿಣಮಿಸಿತು. ಅಳಿಲು ನಮ್ಮಿಂದ ಅರ್ಧ ಮಾವಿನಹಣ್ಣನ್ನು ಕಸಿಯುತ್ತದೆ, ನಾವು ನಗುತ್ತೇವೆ. ಹದ್ದು ಇಷ್ಟು ಕಾಲ ನಮ್ಮ ಊರಾಚೆಯನ್ನು ಸಂಬಳವಿಲ್ಲದೆ ಗುಡಿಸುತ್ತಿತ್ತು, ನಾವು ಮೂಗು ಮುಚ್ಚಿಕೊಂಡೆವು.

ಸರ್ಕಾರವು ಕಣ್ತೆರೆಯಲಿಲ್ಲವೆಂದಲ್ಲ. ೨೦೦೬ ರಲ್ಲಿ ಡೈಕ್ಲೋಫೆನಾಕ್ ಔಷಧವನ್ನು ದನಗಳಿಗೆ ಬಳಸುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಹೋಗುತ್ತಿದ್ದುದನ್ನು ಕಂಡು ೨೦೧೫ ರಲ್ಲಿ ಅವುಗಳನ್ನು ೩ ಮಿಲಿಲೀಟರಿಗೆ ಮಿತಿಗೊಳಿಸಿತು. ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುವ ಅಸಿಕ್ಲೋಫೆನಾಕನ್ನೂ ಅದರೊಡನೆ ಕೀಟೋಪ್ರೊಫೆನನ್ನೂ ೨೦೨೩ ರಲ್ಲಿ, ನಿಮೆಸುಲೈಡನ್ನು ೨೦೨೪ ರ ಕೊನೆಯಲ್ಲಿ ಪಶುಗಳಿಗೆ ಕೊಡಕೂಡದೆಂದು ವಿಧಿಸಿತು. ರಾಮದೇವರ ಬೆಟ್ಟದ ೩೪೬ ಹೆಕ್ಟೇರು ಪ್ರದೇಶವು ೨೦೧೨ ರಲ್ಲಿ ರಣಹದ್ದುಗಳ ಧಾಮವಾಯಿತು; ಭಾರತದಲ್ಲಿ ಆ ಹಕ್ಕಿಗೆಂದೇ ಮೀಸಲಾದ ಮೊದಲನೆಯ ಧಾಮವಿದು. ಆದರೆ ಬೆಟ್ಟಕ್ಕೆ ಬೇಲಿಯುಂಟು, ಹದ್ದಿಗೆ ಬೇಲಿಯಿಲ್ಲ. ಅದು ಊಟಕ್ಕೆ ಹಾರುವುದು ಹತ್ತಾರು ಮೈಲಿ. ಅಷ್ಟೂ ನೆಲವು ನಮ್ಮ ನಿಮ್ಮಂಥ ಗೃಹಸ್ಥರದು. ಇಂದು ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಹಕ್ಕಿಗಳು. ವರ್ಷಕ್ಕೊಂದು ಮೊಟ್ಟೆಯ ಲೆಕ್ಕವನ್ನು ವಾಚಕರು ಮರೆತಿರಲಾರರು.

ಇಷ್ಟನ್ನು ಓದಿ, ಅಳಿಲೆಂಬ ಜಾತಿಗೇ ಭಯವಿಲ್ಲ, ಹಕ್ಕಿಗಳಿಗೆ ಮಾತ್ರ ಭಯವೆಂದು ಮಗುವು ತಿಳಿಯಬಾರದು. ರಾಮನಗರದ ಪಕ್ಕದಲ್ಲಿಯೇ ಹರಿಯುವ ಅರ್ಕಾವತಿಯ ಜಾಡು ಹಿಡಿದು ಕೆಳಕ್ಕೆ ಹೋದರೆ ಕನಕಪುರವನ್ನು ದಾಟಿ, ಸಂಗಮದಲ್ಲಿ ಅದು ಕಾವೇರಿಯನ್ನು ಸೇರುವ ಕಾಡು ಸಿಕ್ಕುತ್ತದೆ. ೧೯೮೭ ರಿಂದ ಅದು ಕಾವೇರಿ ವನ್ಯಧಾಮ. ಅಲ್ಲಿ ಹೊಳೆಯಂಚಿನ ಮತ್ತಿಯ ಮರಗಳಲ್ಲಿ ನರೆಗೂದಲಿನ ದೊಡ್ಡ ಅಳಿಲೊಂದು ವಾಸಿಸುತ್ತದೆ. ತೂಕದಲ್ಲಿ ನಮ್ಮ ಮನೆಯ ಅಳಿಲಿನ ಹತ್ತರಷ್ಟಕ್ಕೂ ಮಿಗಿಲು. ಬಾಲವೇ ಮೈಯಷ್ಟು ಉದ್ದ. ದಕ್ಷಿಣ ಭಾರತದ ಕೆಲವೇ ಕಾಡುಗಳನ್ನೂ ಸಿಂಹಳವನ್ನೂ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲಿಯೂ ಅದಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ ಹೋಗುವುದೇ ಅದರ ನಡಿಗೆ. ದಡದ ಮರಗಳ ಸಾಲು ನಡುವೆ ಕಡಿದುಹೋದರೆ ಅದರ ಬೀದಿಯೇ ಕಡಿದಂತೆ. ಹೆಂಚಿನ ಸಂದಿನಲ್ಲಿ ಸಂಸಾರ ಹೂಡುವುದು ಅದಕ್ಕೆ ತಿಳಿಯದು. ಹೆಸರಿನಲ್ಲಿ ಅಳಿಲಾದರೂ ಬದುಕಿನಲ್ಲಿ ಅದು ಹದ್ದಿನ ಬಳಗ: ಒಂದೇ ಬಗೆಯ ನೆಲೆ, ಅದು ಹೋದರೆ ಬೇರೆ ಗತಿಯಿಲ್ಲ.

ಆದುದರಿಂದ, ಚನ್ನಪಟ್ಟಣದ ಪುಟ್ಟ ತಾಯಿ, ನಿನ್ನ ಪ್ರಶ್ನೆಗೆ ನಮ್ಮ ಉತ್ತರವಿದು. ಬೆಟ್ಟವನ್ನು ಕೊಟ್ಟದ್ದು ಬಹುಮಾನವಾಗಿ ಅಲ್ಲ. ಅಳಿಲಿಗಿಂತ ಹದ್ದು ದೊಡ್ಡ ಭಕ್ತನೆಂದೂ ಅಲ್ಲ. ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ಒಬ್ಬನು ಎಲ್ಲಿ ಹೋದರೂ ಕೇಳಿ ಉಣ್ಣಬಲ್ಲವನಾಗಿ, ಮತ್ತೊಬ್ಬನು ಅಮ್ಮನ ಕೈತುತ್ತನ್ನಲ್ಲದೆ ಬೇರೇನನ್ನೂ ಒಲ್ಲದವನಾಗಿದ್ದರೆ, ಅಮ್ಮನು ಮೊದಲು ಯಾರ ತಟ್ಟೆಯ ಕಡೆಗೆ ನೋಡುವಳು? ಅಷ್ಟೇ ಇದರ ನ್ಯಾಯ. ನಿಮ್ಮ ಹಿತ್ತಿಲಿನ ಅರ್ಧ ಫಸಲು ಅಳಿಲಿಗೆ ಆಗಲೇ ಸಂದಿದೆಯಲ್ಲವೆ?

ತಾಯಿಯವರಿಗೂ ಇತರ ಗೃಹಸ್ಥರಿಗೂ ಕೆಲವು ಮಾತುಗಳು. ತೆಂಗನ್ನು ಕಾಯಬೇಕೆಂದಿದ್ದರೆ ಒಂಟಿಯಾಗಿ ನಿಂತ ಮರದ ಕಾಂಡಕ್ಕೆ ಆಳೆತ್ತರದಲ್ಲಿ ನುಣುಪಾದ ತಗಡಿನ ಪಟ್ಟಿ ಸುತ್ತಿಸಿ. ಅಳಿಲು ಅದರ ಮೇಲೆ ಕಾಲೂರಲಾರದು. ವಿಷವನ್ನು ಮಾತ್ರ ಇಡಬೇಡಿ. ಹಸುವಿಗೆ ಕೆಚ್ಚಲು ಬಾವೋ ಕೀಲುನೋವೋ ಬಂದಾಗ ಅರ್ಹರಾದ ಪಶುವೈದ್ಯರನ್ನೇ ಕರೆಯಿಸಿ, "ಇದು ಹದ್ದಿಗೆ ಕೇಡಿಲ್ಲದ ಮದ್ದೇ?" ಎಂದು ಒಂದು ಮಾತು ಕೇಳಿರಿ. ಮೆಲಾಕ್ಸಿಕಾಮ್ ಎಂಬ ಔಷಧವು ದನದ ನೋವನ್ನೂ ಇಳಿಸುತ್ತದೆ, ಹದ್ದಿಗೂ ಅಪಾಯವಲ್ಲವೆಂದು ಪರೀಕ್ಷಿಸಿ ತಿಳಿದಿದ್ದಾರೆ. ಮನೆಯವರ ಸೊಂಟನೋವಿಗೆ ತಂದ ಔಷಧವನ್ನು ಕೊಟ್ಟಿಗೆಗೆ ಒಯ್ಯಬೇಡಿ. ಮದ್ದಿನಲ್ಲಿದ್ದ ದನವು ಸತ್ತರೆ ಬಯಲಿಗೆ ಹಾಕದೆ ಆಳವಾಗಿ ಹೂಳಿಸಿ. ಚಿರತೆಯ ಮೇಲಣ ಕೋಪದಿಂದ ಸತ್ತ ಕರುವಿಗೆ ವಿಷ ಸವರುವುದು ಅಪರಾಧ. ಅದರಿಂದ ಸಾಯುವುದು ಚಿರತೆಯೊಂದೇ ಅಲ್ಲ. ರಾಮದೇವರ ಬೆಟ್ಟಕ್ಕೆ ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಆದರೆ ಮಾರ್ಗಶಿರದಿಂದ ಚೈತ್ರದವರೆಗೆ ಅಲ್ಲಿ ಬಾಣಂತಿಯ ಕೋಣೆಯಿದೆಯೆಂದು ತಿಳಿದು ಮೆಲ್ಲಗೆ ಮಾತನಾಡಿರಿ.

ಇವು ಸಣ್ಣ ಸಣ್ಣ ಕೆಲಸಗಳು. ಇವುಗಳಿಂದ ಸೇತುವೆ ಕಟ್ಟಿದಂತಾಗುವುದೇ ಎಂದು ಯಾರಾದರೂ ಕೇಳಿದರೆ, ಆ ಮಾತನ್ನು ಅಳಿಲೂ ಕೇಳಿತ್ತೆಂದು ಹೇಳಿರಿ. ಜಟಾಯುವಿನ ಸೇವೆಯನ್ನು ನಾವು ಬಹುಕಾಲ ಪಡೆದೆವು. ಅವನಿಗೆ ಅಳಿಲ ಸೇವೆ ಸಲ್ಲಿಸುವ ಸರದಿ ಈಗ ನಮ್ಮದು. ಮುಂದಿನ ಮಾಘದಲ್ಲಿ ನಾವು ಪುನಃ ಬೆಟ್ಟಕ್ಕೆ ಹೋಗುವೆವು; ಎಷ್ಟು ಎಣಿಸಿದೆವೆಂಬುದನ್ನು ಇದೇ ಪುಟದಲ್ಲಿ ತಿಳಿಸುವೆವು.